ಅಮೆರಿಕಾನಾ ಆಲ್ಬಂಗಳ ವಿಮರ್ಶೆ: ಕೇಳುವ ಕ್ರಮ, ಬರೆಯುವ ಕ್ರಮ

ಅಮೆರಿಕದ ಜನಪದ ಹಾಡು, ಬ್ಲೂಸ್ (ಕಪ್ಪು ಜನರ ಹಾಡುಗಾರಿಕೆ), ಕಂಟ್ರಿ (ದಕ್ಷಿಣದ ಹಳ್ಳಿಗಾಡಿನ ಹಾಡು), ಬ್ಲೂಗ್ರಾಸ್ (ತಂತಿವಾದ್ಯಗಳ ಚುರುಕಿನ ಹಳ್ಳಿ ಸಂಗೀತ), ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಪರಂಪರೆಗಳಿಂದ ಬೆಳೆದು ಬಂದ ಸಂಗೀತವನ್ನು ಅಲ್ಲಿನವರು ರೂಟ್ಸ್ ಸಂಗೀತವೆಂದೂ ಅಮೆರಿಕಾನಾ ಎಂದೂ ಕರೆಯುತ್ತಾರೆ. ಈ ಬಗೆಯ ಆಲ್ಬಂ ಒಂದನ್ನು ವಿಮರ್ಶಿಸಲು ಕುಳಿತವರು ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ: ಈ ಹಾಡುಗಾರರಿಗೆ ಹಿಂದಿನಿಂದ ಏನು ಬಂದಿದೆ, ಹಾಗೆ ಬಂದದ್ದನ್ನು ಅವರು ಏನು ಮಾಡಿದ್ದಾರೆ? ಪಾಪ್ ಆಲ್ಬಮ್ಮಿನ ವಿಮರ್ಶೆಯಲ್ಲಿ ಮೊದಲ ಪ್ರಶ್ನೆಯನ್ನು ಬದಿಗಿಟ್ಟರೂ ನಡೆದೀತು. ಇಲ್ಲಿ ಹಾಗೆ ಮಾಡಲು ಬರುವುದಿಲ್ಲ, ಏಕೆಂದರೆ ನೂರು ವರ್ಷ ಹಳೆಯ ಧಾಟಿಗಳು, ಕಥೆಗಳು, ಬೆರಳುಗಾರಿಕೆಯ ಕ್ರಮಗಳು ನಿನ್ನೆ ಮೊನ್ನೆ ಬರೆದ ಹಾಡಿನೊಳಗೂ ಇರುತ್ತವೆ ಮತ್ತು ಅವನ್ನು ಗುರುತಿಸಲಾರದವರಿಗೆ ಹೊಸತು ಯಾವುದೆಂದೂ ಗೊತ್ತಾಗುವುದಿಲ್ಲ. ವಿಮರ್ಶೆಯ ಉಳಿದೆಲ್ಲ ಕೆಲಸವೂ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆಯಬೇಕು ಎಂಬುದು ನನ್ನ ನಂಬಿಕೆ.

ಒಂದು ಆಲ್ಬಂ ಅಮೆರಿಕಾನಾ ಹೌದೋ ಅಲ್ಲವೋ ಎಂಬ ಚರ್ಚೆಗೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ನ್ಯಾಶ್‌ವಿಲ್‌ನಲ್ಲಿ ಸ್ಥಾಪನೆಯಾದದ್ದು 1999ರಲ್ಲಿ. ಗ್ರ್ಯಾಮಿ ಪ್ರಶಸ್ತಿಯಲ್ಲಿ ಅಮೆರಿಕಾನಾ ಆಲ್ಬಮ್ಮಿಗೆ ಪ್ರತ್ಯೇಕ ವಿಭಾಗ ಆರಂಭವಾದದ್ದು 2010ರಲ್ಲಿ. ಹಾಡುಗಳು ಅದಕ್ಕಿಂತ ಎಷ್ಟೋ ಹಳೆಯವು. ಇಂಥ ಹಣೆಪಟ್ಟಿಗಳು ಕಿವಿಯನ್ನು ದಾರಿ ತಪ್ಪಿಸಿದ್ದೂ ಉಂಟು. 1920ರ ದಶಕದಲ್ಲಿ ಅಮೆರಿಕದ ಧ್ವನಿಮುದ್ರಣ ಸಂಸ್ಥೆಗಳು ಕಪ್ಪು ಜನರ ಹಾಡುಗಳನ್ನು ‘ರೇಸ್’ (ಜನಾಂಗ) ಎಂಬ ಪಟ್ಟಿಯಲ್ಲಿಯೂ ದಕ್ಷಿಣದ ಬಿಳಿಯ ಹಳ್ಳಿಗರ ಹಾಡುಗಳನ್ನು ‘ಹಿಲ್‌ಬಿಲಿ’ (ಬೆಟ್ಟದ ಹಳ್ಳಿಗ) ಎಂಬ ಪಟ್ಟಿಯಲ್ಲಿಯೂ ಮಾರಿದವು. ಇಬ್ಬರೂ ಒಬ್ಬರಿಂದೊಬ್ಬರು ಕಲಿಯುತ್ತಿದ್ದರು, ಎಷ್ಟೋ ಹಾಡುಗಳು ಇಬ್ಬರಲ್ಲಿಯೂ ಇದ್ದವು. ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ 1952ರಲ್ಲಿ ಫೋಕ್‌ವೇಸ್ ಧ್ವನಿಮುದ್ರಣ ಸಂಸ್ಥೆಗಾಗಿ ಆ ಕಾಲದ 84 ಧ್ವನಿಮುದ್ರಣಗಳನ್ನು ಒಂದುಗೂಡಿಸಿದಾಗ ಹಾಡುಗಾರರ ಬಣ್ಣವನ್ನು ಬೇಕೆಂದೇ ಹೇಳದೆ ಬಿಟ್ಟರು. ಆ ಸಂಕಲನದಲ್ಲಿದ್ದ ಕಪ್ಪು ಹಾಡುಗಾರ ಮಿಸಿಸಿಪಿ ಜಾನ್ ಹರ್ಟ್ ಅವರನ್ನು ಅನೇಕ ಕೇಳುಗರು ಬಿಳಿಯರೆಂದೇ ತಿಳಿದಿದ್ದರು.

‘ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್’ ಎಂಬ ಈ ಸಂಕಲನವೇ ಹೊಸ ವಿಮರ್ಶಕರು ಮೊದಲು ಕೇಳಬೇಕಾದದ್ದು. ಲಾವಣಿಗಳು, ಕುಣಿತ ಮತ್ತು ಪ್ರಾರ್ಥನೆಯ ಸಂಗೀತ, ಬಿಡಿ ಹಾಡುಗಳು ಎಂದು ಅದರಲ್ಲಿ ಮೂರು ಭಾಗಗಳಿವೆ. ಸ್ಮಿತ್‌ಸೋನಿಯನ್ ಸಂಸ್ಥೆ 1997ರಲ್ಲಿ ಅದನ್ನು ಸಿ.ಡಿ.ಗಳಾಗಿ ಮತ್ತೆ ಹೊರತಂದಿತು. ಜೊತೆಗಿರುವ ಕೈಪಿಡಿಯನ್ನು ತಪ್ಪದೆ ಓದಬೇಕು. ದೀರ್ಘ ಲಾವಣಿಯೊಂದರ ಕಥೆಯನ್ನು ಸ್ಮಿತ್ ಪತ್ರಿಕೆಯ ತಲೆಬರಹದಂತೆ ಒಂದೆರಡು ಸಾಲಿಗೆ ಇಳಿಸಿಬಿಡುತ್ತಾರೆ. ಕಥನಗೀತೆಯ ಸಾರವನ್ನು ಹೇಳುವಾಗ ಎಷ್ಟು ಬಿಡಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಅನಂತರ 1927ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯ ಮೇಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ ವಿಕ್ಟರ್ ಸಂಸ್ಥೆಯ ಪರವಾಗಿ ರಾಲ್ಫ್ ಪಿಯರ್ ಮುದ್ರಿಸಿಕೊಂಡ ಹಾಡುಗಳನ್ನು ಕೇಳಬೇಕು. ಕಂಟ್ರಿ ಸಂಗೀತದ ಆರಂಭದ ದೊಡ್ಡ ಹೆಸರುಗಳಾದ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಅವರೂ ಮೊದಲು ಮುದ್ರಣಗೊಂಡದ್ದು ಅಲ್ಲಿಯೇ. ಇಷ್ಟನ್ನು ಕೇಳಿದವರಿಗೆ ಇಂದಿನ ಯಾವುದೇ ಅಮೆರಿಕಾನಾ ಆಲ್ಬಮ್ಮಿನಲ್ಲಿ ಪರಿಚಿತ ಮುಖಗಳು ಕಾಣಿಸತೊಡಗುತ್ತವೆ.

ಇನ್ನು ವಿಮರ್ಶೆಗೆ ಬಂದ ಆಲ್ಬಮ್ಮಿನ ವಿಷಯ. ಅದರೊಂದಿಗೆ ಬರುವ ಪ್ರಚಾರದ ಹಾಳೆಯನ್ನು ಮೊದಲ ಸಲ ಕೇಳಿ ಮುಗಿಯುವ ತನಕ ತೆರೆಯಬಾರದು. ಹೃದಯ ಒಡೆದ ಮೇಲೆ ಬರೆದ ಹಾಡುಗಳು, ಬೆಟ್ಟದ ಮನೆಯಲ್ಲಿ ಮುದ್ರಿಸಿದ ಹಾಡುಗಳು ಎಂದು ಮೊದಲೇ ಓದಿಕೊಂಡರೆ ಕಿವಿ ಅದನ್ನೇ ಕೇಳಿಸಿಕೊಳ್ಳುತ್ತದೆ. ಹಾಡುಗಾರರು ಇಟ್ಟ ಅನುಕ್ರಮದಲ್ಲಿಯೇ ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಕೇಳಬೇಕು, ಏನನ್ನೂ ಬರೆದುಕೊಳ್ಳದೆ. ಎರಡನೆಯ ಸಲ ಕಾಗದ ಹಿಡಿದು ಕುಳಿತು, ಗಮನ ಸೆಳೆದ ಕಡೆಗಳಲ್ಲೆಲ್ಲ ಹಾಡಿನ ನಿಮಿಷ ಮತ್ತು ಸೆಕೆಂಡನ್ನು ಗುರುತು ಹಾಕಿಕೊಳ್ಳಬೇಕು. ‘2:40, ಪಿಟೀಲು ನಿಂತಿತು, ದನಿ ಒಂಟಿಯಾಯಿತು’ ಎಂಬಷ್ಟು ಸಾಕು. ಬರೆಯುವಾಗ ಕೈಗೆ ಬರುವುದು ಇಂಥ ಟಿಪ್ಪಣಿಗಳೇ. ‘ಚೆನ್ನಾಗಿದೆ’ ಎಂದು ಬರೆದಿಟ್ಟದ್ದು ಮರುದಿನ ಯಾವ ಉಪಯೋಗಕ್ಕೂ ಬರುವುದಿಲ್ಲ. ಮೂರನೆಯ ಸಲ ಸಾಧನವನ್ನು ಬದಲಿಸಿ, ಇಯರ್‌ಫೋನಿನಲ್ಲಿ ಕೇಳಿದ್ದನ್ನು ಸ್ಪೀಕರಿನಲ್ಲಿ ಕೇಳಬೇಕು. ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯವನ್ನು ತಾವಾಗಿಯೇ ಚಾಲೂ ಇಟ್ಟಿರುವುದುಂಟು. ಅದನ್ನು ಆಫ್ ಮಾಡಿ ಕೇಳಿದರೆ ಮೆಲುದನಿಯ ಹಾಡಿನ ಪಕ್ಕದಲ್ಲಿ ಜೋರಿನ ಹಾಡನ್ನು ಹಾಡುಗಾರರು ಯಾಕೆ ಇಟ್ಟರೆಂಬುದು ತಿಳಿಯುತ್ತದೆ.

ವಾದ್ಯಗಳನ್ನು ಹೆಸರಿಸುವುದಷ್ಟೇ ಸಾಲದು, ಅವನ್ನು ನುಡಿಸಿರುವ ರೀತಿಯನ್ನು ಕೇಳಿ ಗುರುತಿಸಲು ಕಲಿಯಬೇಕು. ಚರ್ಮ ಹೊದಿಸಿದ ದುಂಡು ಒಡಲಿನ, ಐದು ತಂತಿಯ ಬ್ಯಾಂಜೊವನ್ನೇ ತೆಗೆದುಕೊಳ್ಳೋಣ. ಅದರ ಗಿಡ್ಡನೆಯ ಐದನೆಯ ತಂತಿಯನ್ನು ಹೆಬ್ಬೆರಳು ಮೀಟುತ್ತಿರುತ್ತದೆ. ವೀಣೆಯ ತಾಳದ ತಂತಿಗಳಂತೆ ಅದು ಶ್ರುತಿಯನ್ನೂ ಲಯವನ್ನೂ ಒಟ್ಟಿಗೆ ಹಿಡಿದಿರುತ್ತದೆ. ಕ್ಲಾಹ್ಯಾಮರ್ ಎಂಬ ಹಳೆಯ ಪದ್ಧತಿಯಲ್ಲಿ ಬೆರಳಿನ ಉಗುರು ತಂತಿಯನ್ನು ಮೇಲಿನಿಂದ ಕೆಳಕ್ಕೆ ಹೊಡೆಯುತ್ತದೆ, ಆದ್ದರಿಂದ ಕುದುರೆಯ ಓಟದಂತಹ ಉರುಳು ಲಯ ಹುಟ್ಟುತ್ತದೆ. ಅರ್ಲ್ ಸ್ಕ್ರಗ್ಸ್ ಅವರು 1945ರ ಕೊನೆಯಲ್ಲಿ ಬ್ಲೂಗ್ರಾಸಿನ ಜನಕರೆನಿಸಿದ ಬಿಲ್ ಮನ್ರೊ ಅವರ ತಂಡ ಸೇರಿ ಪ್ರಸಿದ್ಧಿಗೆ ತಂದ ಪದ್ಧತಿಯಲ್ಲಿ ಮೂರು ಬೆರಳುಗಳಲ್ಲಿ ಹೆಬ್ಬೆರಳು ಕೆಳಮುಖವಾಗಿ, ಉಳಿದೆರಡು ಮೇಲ್ಮುಖವಾಗಿ ಮೀಟುತ್ತವೆ ಮತ್ತು ಸ್ವರಗಳು ಎಡೆಬಿಡದೆ ಚಿಮ್ಮುತ್ತವೆ. ಬ್ಲೂಗ್ರಾಸ್ ಎಂದೊಡನೆ ನೆನಪಾಗುವ ಸದ್ದು ಅದು. ಇಂದಿನ ಹಾಡುಗಾರರೊಬ್ಬರು ಎರಡರಲ್ಲಿ ಮೊದಲನೆಯದನ್ನು ಆರಿಸಿದ್ದರೆ ಅವರು ಬ್ಲೂಗ್ರಾಸಿಗಿಂತ ಹಿಂದಕ್ಕೆ ಕೈಚಾಚಿದ್ದಾರೆ ಎಂದು ಅರ್ಥ, ಮತ್ತು ಆ ಒಂದು ಗುರುತಿನಿಂದ ಇಡೀ ಆಲ್ಬಮ್ಮಿನ ದಿಕ್ಕು ತಿಳಿಯಬಹುದು. ಹಾಗೆಯೇ ಪೆಡಲ್ ಸ್ಟೀಲ್ ಗಿಟಾರು ಕಾಲಿನ ಪೆಡಲುಗಳಿಂದಲೂ ಮಂಡಿಯಿಂದ ಒತ್ತುವ ಸನ್ನೆಕೋಲುಗಳಿಂದಲೂ ಸ್ವರವನ್ನು ಜಾರಿಸುತ್ತದೆ, ಡೋಬ್ರೊ ಗಿಟಾರಿನ ದನಿ ಒಳಗಿರುವ ಲೋಹದ ತಟ್ಟೆಯಿಂದ ಹೊಮ್ಮುತ್ತದೆ. ಮೊದಲನೆಯದು ಹೆಚ್ಚಾಗಿ ಕಂಟ್ರಿಯದು, ಎರಡನೆಯದು ಬ್ಲೂಗ್ರಾಸಿಗೆ ಹತ್ತಿರದ್ದು. ಎರಡನ್ನೂ ಅದಲುಬದಲು ಮಾಡಿ ಬರೆದರೆ, ಬಲ್ಲ ಓದುಗರು ಮುಂದಿನ ಸಾಲನ್ನು ನಂಬುವುದಿಲ್ಲ.

ವಾದ್ಯಗಳ ಜೊತೆಗೆ ಹಾಡು ಮುದ್ರಣವಾದ ಕೋಣೆಯನ್ನೂ ಕೇಳಬೇಕು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕ’ ನ್ಯೂಜೆರ್ಸಿಯ ಒಂದು ಮನೆಯಲ್ಲಿ ನಾಲ್ಕು ಟ್ರ್ಯಾಕುಗಳ ಕ್ಯಾಸೆಟ್ ಯಂತ್ರದ ಮೇಲೆ ಕರಡಾಗಿ ಮುದ್ರಣವಾಯಿತು. ತಂಡದೊಂದಿಗೆ ಸ್ಟುಡಿಯೊದಲ್ಲಿ ಮತ್ತೆ ಮಾಡಲು ಹೋದಾಗ ಕರಡಿನಲ್ಲಿದ್ದ ಜೀವ ಹಾಡುಗಳಿಗೆ ಬರದ ಕಾರಣ ಕರಡನ್ನೇ ಆಲ್ಬಮ್ಮಾಗಿ ಹೊರತಂದರು. ಆ ಹಾಡುಗಳ ಜನ ಒಂಟಿಗರು, ದಾರಿಗಾಣದವರು. ಮಸುಕಾದ ಟೇಪಿನ ಸದ್ದು ಅವರಿಗೆ ಒಪ್ಪುತ್ತದೆ. ಗಿಲಿಯನ್ ವೆಲ್ಚ್ ಅವರ 2001ರ ‘ಟೈಮ್ (ದಿ ರೆವೆಲೇಟರ್)’ ಇದಕ್ಕೆ ಬೇರೆಯದೇ ಆದ ಉದಾಹರಣೆ. ಅದರ ಬಹುಪಾಲು ನ್ಯಾಶ್‌ವಿಲ್‌ನ ಪ್ರಸಿದ್ಧ ಆರ್‌ಸಿಎ ಸ್ಟುಡಿಯೊ ಬಿ.ಯಲ್ಲಿ ಮುದ್ರಣವಾಗಿದೆ, ನುಡಿಸುವವರು ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಇಬ್ಬರೇ, ಕೊನೆಯ ಹಾಡು ಹದಿನಾಲ್ಕು ನಿಮಿಷಕ್ಕೂ ಹೆಚ್ಚು ನಡೆಯುತ್ತದೆ. ಅಷ್ಟು ಕಡಿಮೆ ಸಾಮಗ್ರಿಯಿಂದ ಅಷ್ಟು ದೀರ್ಘವಾದ ಗಮನವನ್ನು ಅವರು ಹೇಗೆ ಹಿಡಿದಿಟ್ಟರು ಎಂದು ಕೇಳಿಕೊಳ್ಳುವುದು ವಿಮರ್ಶಕರ ಕೆಲಸ, ಮತ್ತು ಉತ್ತರ ಸಿಗುವುದು ರಾಲಿಂಗ್ಸ್ ಅವರ ಗಿಟಾರಿನ ಸಣ್ಣ ಸಣ್ಣ ತಡೆಗಳಲ್ಲಿ, ಎರಡು ದನಿಗಳು ಸೇರುವಾಗ ಉಳಿಸಿಕೊಳ್ಳುವ ಅಂತರದಲ್ಲಿ. ‘ಸರಳ ನಿರ್ಮಾಣ’ ಎಂಬ ಎರಡೇ ಪದಗಳಲ್ಲಿ ಈ ಎರಡೂ ಆಲ್ಬಂಗಳನ್ನು ಮುಗಿಸಿಬಿಟ್ಟರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಸಾಹಿತ್ಯದ ವಿಷಯದಲ್ಲಿ ಹೇಳಬೇಕಾದ ಮೊದಲ ಮಾತು, ಹಾಡಿನ ‘ನಾನು’ ಹಾಡುಗಾರರೇ ಆಗಿರಬೇಕಾಗಿಲ್ಲ ಎಂಬುದು. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ವಲಸೆ ಬಂದ ಲಾವಣಿಗಳಲ್ಲಿ ಕೊಲೆಗಾರ, ಸತ್ತ ಹುಡುಗಿ, ಗಲ್ಲಿಗೇರಲಿರುವ ಕೈದಿ ಎಲ್ಲರೂ ಉತ್ತಮ ಪುರುಷದಲ್ಲಿಯೇ ಮಾತಾಡುತ್ತಾರೆ. ಆ ಸಂಪ್ರದಾಯವನ್ನು ಮುಂದುವರಿಸುವ ಇಂದಿನ ಹಾಡನ್ನು ಹಾಡುಗಾರರ ದಿನಚರಿಯಂತೆ ಓದುವುದು ತಪ್ಪಾಗುತ್ತದೆ. ಎರಡನೆಯದು ಊರಿನ ಹೆಸರುಗಳು. ಲುಸಿಂಡಾ ವಿಲಿಯಮ್ಸ್ ಅವರ 1998ರ ‘ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್’ನಲ್ಲಿ ಲೇಕ್ ಚಾರ್ಲ್ಸ್, ಗ್ರೀನ್‌ವಿಲ್, ಜ್ಯಾಕ್ಸನ್ ಎಂಬ ಹೆಸರಿನ ಹಾಡುಗಳೇ ಇವೆ. ನಕಾಶೆ ತೆರೆದು ಆ ಊರುಗಳನ್ನು ಹುಡುಕಿ, ಲೇಕ್ ಚಾರ್ಲ್ಸ್ ಆಕೆ ಹುಟ್ಟಿದ ಲೂಸಿಯಾನದ ಊರು ಎಂದು ತಿಳಿದ ಮೇಲೆ, ಆಲ್ಬಮ್ಮಿನ ಉದ್ದಕ್ಕೂ ಒಂದು ಪ್ರದೇಶವನ್ನು ರಸ್ತೆಯ ಮೇಲಿನಿಂದ ನೆನೆಯಲಾಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಊರಿನ ಹೆಸರು ಬರಿಯ ಅಲಂಕಾರವಾಗಿರುವ ಆಲ್ಬಂಗಳೂ ಬಹಳ ಇವೆ. ಹಾಡಿನಿಂದ ಆ ಹೆಸರನ್ನು ತೆಗೆದು ಇನ್ನೊಂದನ್ನು ಇಟ್ಟರೆ ಏನಾದರೂ ಕಳೆದುಹೋಗುತ್ತದೆಯೇ ಎಂದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಆಲ್ಬಮ್ಮಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಈ ಸಂಗೀತದ ಬಗ್ಗೆ ಬರೆಯಲೇಬಾರದು. ಹಾಡು ಯಾರದು, ಧಾಟಿ ಯಾರದು, ‘ಸಾಂಪ್ರದಾಯಿಕ’ ಎಂದು ಹಾಕಿದ್ದರೆ ಯಾರಿಂದ ಕಲಿತದ್ದು ಎಂಬ ವಿವರಗಳು ಅಲ್ಲಿರುತ್ತವೆ. ಇರದಿದ್ದರೆ ಆ ಕೊರತೆಯೂ ಬರೆಯಬೇಕಾದ ಸಂಗತಿಯೇ. ಇದು ಕೇವಲ ಶಿಷ್ಟಾಚಾರದ ಮಾತಲ್ಲ. ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡುಗಳನ್ನು ಹುಡುಕಿಕೊಂಡು ಊರೂರು ಅಲೆಯುವಾಗ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ ಜೊತೆಗಿದ್ದು, ಧಾಟಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಹೊಣೆ ಹೊತ್ತಿದ್ದರು. ಮೇಬೆಲ್ ಕಾರ್ಟರ್ ಅವರ ಗಿಟಾರಿನ ಮೇಲೂ ರಿಡಲ್ ಅವರ ಪ್ರಭಾವವಿದೆ. ಹಾಡುಗಳ ಹಕ್ಕುಗಳು ಮಾತ್ರ ಕಾರ್ಟರ್ ಹೆಸರಿಗೆ ಹೋದವು. ಬ್ಯಾಂಜೊ ಕೂಡ ಗುಲಾಮರಾಗಿ ಬಂದ ಆಫ್ರಿಕನ್ನರ ತಂತಿವಾದ್ಯಗಳಿಂದ ಬೆಳೆದದ್ದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅದು ಬಿಳಿಯರ ಬೆಟ್ಟಗಾಡಿನ ವಾದ್ಯವೆಂದೇ ಹೆಸರಾಯಿತು. ಈ ಮರೆವನ್ನು ಎದುರಿಸಿದವರಲ್ಲಿ ಕ್ಯಾರೊಲಿನಾ ಚಾಕ್ಲೆಟ್ ಡ್ರಾಪ್ಸ್ ತಂಡ ಮುಖ್ಯವಾದದ್ದು. ರಿಯಾನನ್ ಗಿಡನ್ಸ್ ಮತ್ತು ಅವರ ಜೊತೆಗಾರರು ಉತ್ತರ ಕ್ಯಾರೊಲಿನಾದ ಮೆಬೇನ್ ಊರಿನ ವೃದ್ಧ ಪಿಟೀಲುಗಾರ ಜೋ ಥಾಂಪ್ಸನ್ ಅವರ ಮನೆಗೆ ಹೋಗಿ ಜೊತೆಯಲ್ಲಿ ನುಡಿಸುತ್ತಾ ಕಲಿತರು. ಅವರ 2010ರ ‘ಜೆನ್ಯುಯಿನ್ ನೀಗ್ರೊ ಜಿಗ್’ ಆಲ್ಬಮ್ಮಿಗೆ ಮರುವರ್ಷ ಸಾಂಪ್ರದಾಯಿಕ ಜನಪದ ವಿಭಾಗದ ಗ್ರ್ಯಾಮಿ ಬಂದಿತು. ಇಂಥ ಆಲ್ಬಮ್ಮಿನ ವಿಮರ್ಶೆಯಲ್ಲಿ ಥಾಂಪ್ಸನ್ ಅವರ ಹೆಸರು ಬರದಿದ್ದರೆ, ನಾನು ಮೊದಲು ಹೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರವೇ ಇಲ್ಲದಂತಾಗುತ್ತದೆ.

ಈ ಕ್ಷೇತ್ರದ ವಿಮರ್ಶೆಯನ್ನು ಅತಿ ಹೆಚ್ಚು ಕೆಡಿಸಿರುವುದು ‘ಇದು ಅಸಲಿಯೇ?’ ಎಂಬ ವಿಚಾರಣೆ. ಗಿಲಿಯನ್ ವೆಲ್ಚ್ ಅವರ ಮೊದಲ ಆಲ್ಬಂ 1996ರಲ್ಲಿ ಬಂದಾಗ, ಲಾಸ್ ಏಂಜಲಿಸ್‌ನಲ್ಲಿ ಬೆಳೆದವರು ಪೂರ್ವ ಅಮೆರಿಕದ ಅಪಲೇಶಿಯ ಬೆಟ್ಟಗಳ ಹಾಡು ಬರೆಯುವುದು ಸಲ್ಲದೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ಅದೇ ಮಾನದಂಡವನ್ನು ಹಿಡಿದರೆ, ಅಮೆರಿಕದ ದಕ್ಷಿಣವನ್ನು ಅಷ್ಟು ಆಳವಾಗಿ ಹಾಡಿದ ‘ದಿ ಬ್ಯಾಂಡ್’ ತಂಡದ ಐವರಲ್ಲಿ ನಾಲ್ವರು ಕೆನಡಾದವರು, ಅರ್ಕಾನ್ಸಾದ ಲೆವನ್ ಹೆಲ್ಮ್ ಒಬ್ಬರೇ ದಕ್ಷಿಣದವರು. ಹುಟ್ಟಿದ ಊರಿನ ದಾಖಲೆಯಿಂದ ಹಾಡಿನ ಸತ್ವ ನಿರ್ಧಾರವಾಗುವುದಿಲ್ಲ. ಆದರೆ ಊರಿನ ಪ್ರಶ್ನೆಯನ್ನು ಕೈಬಿಟ್ಟರೆ ಎಲ್ಲವೂ ಸರಿಯೆಂದೂ ಅರ್ಥವಲ್ಲ. ಕೇಳಬೇಕಾದದ್ದು ಬೇರೆ: ಎರವಲು ಪಡೆದ ಭಾಷೆಯಲ್ಲಿ ಈ ಹಾಡುಗಾರರು ತಮ್ಮದೇ ಆದ ನೋಟವೊಂದನ್ನು ಹೇಳಿದ್ದಾರೆಯೇ, ಅಥವಾ ಗಣಿ, ರೈಲು, ನದಿ, ವಿಸ್ಕಿ, ಪಾದ್ರಿ ಎಂಬ ಸಿದ್ಧ ಸಾಮಗ್ರಿಯನ್ನು ಜೋಡಿಸಿ ನಿಲ್ಲಿಸಿದ್ದಾರೆಯೇ? ಪಡೆದುಕೊಂಡದ್ದಕ್ಕೆ ಋಣವನ್ನು ಒಪ್ಪಿಕೊಂಡಿದ್ದಾರೆಯೇ? ಈ ಪ್ರಶ್ನೆಗಳಿಗೆ ಹಾಡಿನಲ್ಲಿಯೇ ಪುರಾವೆ ಸಿಗುತ್ತದೆ.

ಸ್ವತಂತ್ರ ಆಲ್ಬಂಗಳಿಗೆ, ಎಂದರೆ ದೊಡ್ಡ ಸಂಸ್ಥೆಗಳ ಬೆಂಬಲವಿಲ್ಲದೆ ಹಾಡುಗಾರರೇ ಅಥವಾ ಸಣ್ಣ ಲೇಬಲ್‌ಗಳು (ಧ್ವನಿಮುದ್ರಣ ಸಂಸ್ಥೆಗಳು) ಹೊರತರುವ ಆಲ್ಬಂಗಳಿಗೆ, ಇನ್ನೊಂದಿಷ್ಟು ಎಚ್ಚರ ಬೇಕು. ಸ್ವತಂತ್ರ ಎಂಬುದು ಹಣದ ಮತ್ತು ಹಕ್ಕಿನ ವ್ಯವಸ್ಥೆಯೇ ಹೊರತು ಸದ್ದಿನ ಗುಣವಲ್ಲ. ಜೇಸನ್ ಇಸ್ಬೆಲ್ ಅವರ 2013ರ ‘ಸೌತ್‌ಈಸ್ಟರ್ನ್’ ಅವರದೇ ಲೇಬಲ್ಲಿನಿಂದ ಬಂದದ್ದು, ಅದರ ನಿರ್ಮಾಣದಲ್ಲಿ ಯಾವ ಬಡತನವೂ ಇಲ್ಲ. ಬಾನ್ ಐವರ್ ಹೆಸರಿನ ಜಸ್ಟಿನ್ ವೆರ್ನನ್ ವಿಸ್ಕಾನ್ಸಿನ್‌ನ ಕಾಡಿನ ಮನೆಯೊಂದರಲ್ಲಿ ಚಳಿಗಾಲ ಕಳೆದು ಮಾಡಿದ ಆಲ್ಬಂ 2007ರಲ್ಲಿ ಸ್ವಂತ ಪ್ರಕಟಣೆಯಾಗಿ, ಮರುವರ್ಷ ಲೇಬಲ್ಲೊಂದರ ಮೂಲಕ ಹೊರಬಂದಿತು. ಅದರ ಬಗ್ಗೆ ಬರೆದವರಲ್ಲಿ ಅನೇಕರು ಕಾಡಿನ ಮನೆಯನ್ನೇ ವರ್ಣಿಸಿದರು. ಪದರ ಪದರವಾಗಿ ಜೋಡಿಸಿದ ಒಬ್ಬರದೇ ದನಿಯು ಸಮೂಹಗಾನದಂತೆ ಕೇಳುವ ಬಗೆ ಅದಕ್ಕಿಂತ ಹೆಚ್ಚು ಗಮನಕ್ಕೆ ಯೋಗ್ಯವಾಗಿತ್ತು. ಹಾಡುಗಾರರು ಕಷ್ಟದಲ್ಲಿದ್ದಾರೆಂದು ಕನಿಕರದಿಂದ ಹೊಗಳಬಾರದು. ಹಣ ಕಡಿಮೆಯಿದ್ದುದರಿಂದ ಡ್ರಮ್ಮಿನ ಸದ್ದು ಮಂದವಾಗಿದ್ದರೆ ಅದನ್ನು ಹೇಳಿ, ಅದು ಹಾಡಿಗೆ ಅಡ್ಡಿಯಾಯಿತೋ ಇಲ್ಲವೋ ಎಂಬುದನ್ನೂ ಹೇಳಬೇಕು. ಪರಿಚಯದವರ ಆಲ್ಬಮ್ಮಾಗಿದ್ದರೆ ಬರೆಯದಿರುವುದೇ ಲೇಸು. ಬರೆಯಲೇಬೇಕಾದರೆ ಪರಿಚಯವನ್ನು ಓದುಗರಿಗೆ ತಿಳಿಸಬೇಕು. ಬಿಡುಗಡೆಗೆ ಮುನ್ನ ಕೇಳಲು ಕೊಟ್ಟ ಪ್ರತಿಯನ್ನು ಯಾರಿಗೂ ದಾಟಿಸಬಾರದು, ನಿಗದಿಯಾದ ದಿನಕ್ಕೆ ಮೊದಲು ವಿಮರ್ಶೆಯನ್ನು ಪ್ರಕಟಿಸಲೂಬಾರದು.

ಬರವಣಿಗೆಗೆ ಕುಳಿತಾಗ ಹಾಡುಗಾರರ ಜೀವನಚರಿತ್ರೆಯಿಂದ ಆರಂಭಿಸುವ ರೂಢಿಯನ್ನು ಬಿಡಿ. ಆಲ್ಬಮ್ಮಿನ ಸ್ವಭಾವವನ್ನೆಲ್ಲ ಹೊತ್ತಿರುವ ಒಂದು ಕ್ಷಣ ಎರಡನೆಯ ಕೇಳುವಿಕೆಯ ಟಿಪ್ಪಣಿಗಳಲ್ಲಿ ಸಿಕ್ಕೇ ಸಿಗುತ್ತದೆ. ಅದನ್ನು ವಿವರಿಸಿ, ಅದರಿಂದ ಹೊರಕ್ಕೆ ನಡೆಯಿರಿ. ಹನ್ನೆರಡು ಹಾಡುಗಳಿದ್ದರೆ ಹನ್ನೆರಡನ್ನೂ ಸರದಿಯಲ್ಲಿ ವರ್ಣಿಸಬೇಕಾಗಿಲ್ಲ; ಮೂರೋ ನಾಲ್ಕೋ ಹಾಡುಗಳನ್ನು ಹತ್ತಿರದಿಂದ ನೋಡಿ, ಉಳಿದವು ಅವುಗಳೊಂದಿಗೆ ಹೇಗೆ ನಿಲ್ಲುತ್ತವೆ ಎಂದು ಹೇಳಿದರೆ ಸಾಕು. ಇವರು ಅವರಂತೆ, ಅವರು ಇನ್ನೊಬ್ಬರಂತೆ ಎಂದು ಹೆಸರುಗಳನ್ನು ಪೋಣಿಸುವುದು ಸೋಮಾರಿತನ. ಹೋಲಿಕೆ ಕೊಡಲೇಬೇಕೆಂದಾದರೆ ಯಾವ ಅಂಶದಲ್ಲಿ ಹೋಲಿಕೆಯೆಂದು ಅದೇ ವಾಕ್ಯದಲ್ಲಿ ಹೇಳಬೇಕು: ದನಿಯ ಕಂಪನದಲ್ಲಿಯೇ, ಗಿಟಾರಿನಲ್ಲಿ ಹೆಬ್ಬೆರಳು ನುಡಿಸುವ ಮಂದ್ರ ಸ್ವರಗಳಲ್ಲಿಯೇ, ಚರಣದ ಕೊನೆಯಲ್ಲಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸುವ ರೀತಿಯಲ್ಲಿಯೇ? ‘ಮನಮುಟ್ಟುವ’, ‘ಕಾಡುವ’, ‘ಅಪ್ಪಟ’ ಎಂಬ ವಿಶೇಷಣಗಳು ಕರಡಿನಲ್ಲಿ ಕಂಡಾಗ, ಅವುಗಳ ಜಾಗದಲ್ಲಿ ಕಿವಿಗೆ ಬಿದ್ದದ್ದನ್ನು ಬರೆಯಿರಿ. ನಕ್ಷತ್ರಗಳ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಓದುಗರು ನಕ್ಷತ್ರವನ್ನು ನೋಡಿ ವಿಮರ್ಶೆಯನ್ನು ಬಿಟ್ಟುಬಿಡುತ್ತಾರೆ. ಆದರೆ ನಿರ್ಣಯವನ್ನು ಮುಚ್ಚಿಡಬಾರದು. ಆಲ್ಬಂ ಸೋತಿದ್ದರೆ ಎಲ್ಲಿ ಸೋತಿತೆಂದು ಹಾಡಿನ ಹೆಸರು ಹಿಡಿದು ಹೇಳುವುದೇ ಹಾಡುಗಾರರಿಗೆ ತೋರುವ ಗೌರವ.

ಕನ್ನಡದಲ್ಲಿ ಬರೆಯುವವರಿಗೆ ಅನುಕೂಲಗಳಿವೆ. ಪಲ್ಲವಿ, ಚರಣ, ಧಾಟಿ, ಶ್ರುತಿ, ಲಯ, ಲಾವಣಿ ಎಂಬ ಪದಗಳು ನಮ್ಮಲ್ಲಿ ಬಳಕೆಯಲ್ಲಿಯೇ ಇವೆ. ಅವುಗಳನ್ನು ನಿಸ್ಸಂಕೋಚವಾಗಿ ಬಳಸಬೇಕು. ರಾಗದ ಹೆಸರು ಹಚ್ಚುವ ಆತುರ ಮಾತ್ರ ಬೇಡ. ಈ ಹಾಡುಗಳಲ್ಲಿ ಬಹಳಷ್ಟು ಐದು ಸ್ವರಗಳಲ್ಲಿ ಸಂಚರಿಸುತ್ತವೆ, ಆ ಸ್ವರಗಳು ಮೋಹನಕ್ಕೆ ಹೊಂದುವುದೂ ಉಂಟು. ಆದರೆ ಗಮಕವಾಗಲಿ ರಾಗಸಂಚಾರವಾಗಲಿ ಅಲ್ಲಿಲ್ಲದ ಮೇಲೆ ಮೋಹನ ಎಂದರೆ ಓದುಗರಿಗೆ ತಪ್ಪು ಸದ್ದು ಕೇಳಿಸುತ್ತದೆ. ಇದೇ ಕ್ರಮವನ್ನು ನಮ್ಮ ಸ್ವತಂತ್ರ ಆಲ್ಬಂಗಳಿಗೂ ಅನ್ವಯಿಸಬಹುದು. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ. ಶರೀಫರ ಪದಗಳು ಭಜನೆಯ ಮೇಳಗಳ ಬಾಯಲ್ಲಿ ಉಳಿದು ಬಂದವು, ಸಿ. ಅಶ್ವತ್ಥ್ ಅವರ ಸಂಯೋಜನೆಗಳಿಂದ ನಾಡಿನ ಮನೆಮನೆಗೆ ತಲುಪಿದವು. ಆದ್ದರಿಂದ ಇಂಥ ಹಾಡು ಹೊಸ ಆಲ್ಬಮ್ಮಿನಲ್ಲಿ ಬಂದಾಗ ಪದ ಶರೀಫರದು ಎಂದಷ್ಟೇ ಹೇಳಿದರೆ ಅರ್ಧ ಕೆಲಸವಾಯಿತು. ಧಾಟಿ ಭಜನೆಯದೇ, ಸುಗಮ ಸಂಗೀತದ್ದೇ, ಈ ತಂಡದ್ದೇ ಎಂಬುದನ್ನು ಕೇಳಿ, ವಿಚಾರಿಸಿ ಬರೆಯಬೇಕು.

ಕರಡು ಮುಗಿದ ಮೇಲೆ ಒಂದು ದಿನ ಬಿಟ್ಟು, ಅದನ್ನು ಕೈಯಲ್ಲಿ ಹಿಡಿದುಕೊಂಡು ಆಲ್ಬಮ್ಮನ್ನು ಮತ್ತೊಮ್ಮೆ ಪೂರ್ತಿ ಕೇಳಬೇಕು. ನಾವು ಬರೆದ ಕಡೆಯಲ್ಲಿ ಪಿಟೀಲು ನಿಜವಾಗಿಯೂ ನಿಲ್ಲುತ್ತದೆಯೇ, ಜೊತೆದನಿ ಎರಡನೆಯ ಚರಣಕ್ಕೆ ಬರುತ್ತದೆಯೋ ಮೂರನೆಯದಕ್ಕೋ ಎಂದು ಪರಿಶೀಲಿಸಿ, ಕೇಳಿಸದೆ ಇದ್ದದ್ದನ್ನು ಹೊಡೆದುಹಾಕಬೇಕು. ವಾದಕರ, ನಿರ್ಮಾಪಕರ, ಲೇಬಲ್ಲಿನ ಹೆಸರುಗಳನ್ನು ಹಿಂಬದಿಯ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಪರಭಾಷೆಯ ಹೆಸರುಗಳ ಉಚ್ಚಾರಣೆಯನ್ನು ಅವರದೇ ಸಂದರ್ಶನಗಳಲ್ಲಿ ಕೇಳಿ ಕನ್ನಡದಲ್ಲಿ ಒಂದೇ ರೀತಿಯಾಗಿ ಬರೆಯಬೇಕು. ಹಾಡಿನ ಸಾಲುಗಳನ್ನು ಉದ್ಧರಿಸುವುದಾದರೆ ಒಂದೆರಡು ಸಾಲಿಗಿಂತ ಹೆಚ್ಚು ಬೇಡ, ಅದರ ಹಕ್ಕು ಇನ್ನೊಬ್ಬರದು. ಪ್ರಕಟವಾದ ಮೇಲೆ ಯಾರಾದರೂ ತಪ್ಪು ತೋರಿಸಿದರೆ ಸದ್ದಿಲ್ಲದೆ ತಿದ್ದಿಬಿಡದೆ, ಏನನ್ನು ಎಂದು ತಿದ್ದಲಾಯಿತೆಂದು ವಿಮರ್ಶೆಯ ಕೆಳಗೆ ದಿನಾಂಕದೊಂದಿಗೆ ನಮೂದಿಸಬೇಕು.